ಪಾಳೆಯದ ಹೊರಗೆ

ಬೈಬಲ್ಲಿನ ಹಳೆಯ ಒಡಂಬಡಿಕೆಯ ಮೂರನೆಯ ಪುಸ್ತಕಕ್ಕೆ ಕನ್ನಡದಲ್ಲಿ ಯಾಜಕಕಾಂಡವೆಂದು ಹೆಸರು. ಭಕ್ತರಾದ ಕ್ರೈಸ್ತರಲ್ಲಿಯೂ ಇದನ್ನು ಮೊದಲಿನಿಂದ ಕೊನೆಯವರೆಗೆ ಓದಿದವರು ವಿರಳವೆಂದೇ ತೋರುತ್ತದೆ. ಆದಿಕಾಂಡದಲ್ಲಿ ಕಥೆಯಿದೆ, ವಿಮೋಚನಕಾಂಡದಲ್ಲಿ ಸಮುದ್ರವೇ ಇಬ್ಭಾಗವಾಗಿ ದಾರಿ ಬಿಡುತ್ತದೆ. ಯಾಜಕಕಾಂಡದಲ್ಲಿರುವುದಾದರೋ ವಿಧಿ, ನಿಷೇಧ, ರಕ್ತ, ಕೊಬ್ಬು, ಬೂದಿ. ಯಾವ ಪ್ರಾಣಿಯನ್ನು ತಿನ್ನಬಹುದು, ಯಾವುದನ್ನು ಕೂಡದು. ಗಡ್ಡದ ಅಂಚನ್ನು ಹೇಗೆ ಬಿಡಬೇಕು. ಎರಡು ಬಗೆಯ ನೂಲಿನಿಂದ ನೇಯ್ದ ಬಟ್ಟೆಯನ್ನು ಉಡಬಾರದು. ಮನೆಯ ಗೋಡೆಗೆ ಬೂಷ್ಟು ಹಿಡಿದರೆ ಯಾಜಕನನ್ನು ಕರೆಸಿ ಏನೇನು ಮಾಡಿಸಬೇಕು! ಇದೆಲ್ಲವನ್ನೂ ದೇವರು ಮೋಶೆಗೆ ಅಪ್ಪಣೆ ಕೊಟ್ಟನೆಂದು ಪುಸ್ತಕವೇ ಹೇಳಿಕೊಳ್ಳುತ್ತದೆ. ಈಗಿರುವ ರೂಪಕ್ಕೆ ಅದು ಬಂದದ್ದು ಸುಮಾರು ಎರಡೂವರೆ ಸಾವಿರ ವರ್ಷಗಳ ಹಿಂದೆ ಎಂಬುದು ಬಹುಮಂದಿ ವಿದ್ವಾಂಸರ ಎಣಿಕೆ.

ಸಂಶಯದ ಸ್ವಭಾವದವನಿಗೆ ಇಂಥ ಪುಸ್ತಕ ಒಳ್ಳೆಯ ಮೇವು. ಹನ್ನೊಂದನೆಯ ಅಧ್ಯಾಯದಲ್ಲಿ ಮೊಲವು ಮೆಲುಕು ಹಾಕುವ ಪ್ರಾಣಿಯೆಂದೂ, ಆದರೆ ಅದರ ಗೊರಸು ಸೀಳಿಲ್ಲವಾದ್ದರಿಂದ ಅದು ತಿನ್ನಲು ಅಶುದ್ಧವೆಂದೂ ಹೇಳಿದೆ. ಹಿರಿಯೂರಿನ ಸೀಮೆಯಲ್ಲಿ ಕುರಿ ಕಾಯುವ ಹತ್ತು ವರ್ಷದ ಹುಡುಗನನ್ನು ಕೇಳಿದರೂ, ಮೊಲ ಮೆಲುಕು ಹಾಕುವುದಿಲ್ಲವೆಂದು ಹೇಳಿಯಾನು. ಕುರಿ, ದನ, ಒಂಟೆಗಳನ್ನು ಸೃಷ್ಟಿಸಿದವನಿಗೆ ಕುರಿಗಾಹಿಗಿರುವಷ್ಟು ತಿಳಿವಳಿಕೆಯಾದರೂ ಇರಬೇಡವೆ? ವಿಧಿಯನ್ನು ಬರೆದವನು ಮನುಷ್ಯ, ದೂರದಿಂದ ಮೊಲದ ಬಾಯಿ ಆಡುವುದನ್ನು ಕಂಡು ಮೋಸಹೋದವನು ಎಂದರೆ ಎಲ್ಲವೂ ಸರಿಹೋಗುತ್ತದೆ. ಹೀಗೆ ನಗುತ್ತ ಓದಿಕೊಂಡು ಹೋಗಬಹುದು. ಆದರೆ ಮುಂದಿನ ಅಧ್ಯಾಯಕ್ಕೆ, ಎಂದರೆ ಹನ್ನೆರಡಕ್ಕೆ, ಬಂದಾಗ ನಗು ನಿಲ್ಲುತ್ತದೆ.

ಅಲ್ಲಿ ಎಂಟೇ ಶ್ಲೋಕಗಳಷ್ಟು ಸಣ್ಣ ವಿಷಯ. ಹೆಂಗಸು ಗಂಡು ಮಗುವನ್ನು ಹೆತ್ತರೆ ಏಳು ದಿನ ಅಶುದ್ಧಳು. ಅನಂತರ ಮೂವತ್ತಮೂರು ದಿನ ಪವಿತ್ರವಾದ ಯಾವುದನ್ನೂ ಮುಟ್ಟಕೂಡದು, ದೇವರ ಗುಡಾರದ ಬಳಿಗೆ ಬರಕೂಡದು. ಒಟ್ಟು ೪೦ ದಿನ. ಹೆಣ್ಣು ಮಗುವಾದರೆ ಹದಿನಾಲ್ಕು ಮತ್ತು ಅರವತ್ತಾರು, ಒಟ್ಟು ೮೦ ದಿನ. ದಿನ ತುಂಬಿದ ಮೇಲೆ ಸರ್ವಾಂಗಹೋಮಕ್ಕೆ ಒಂದು ವರ್ಷದ ಕುರಿಮರಿ, ದೋಷಪರಿಹಾರಕ್ಕೆ ಒಂದು ಪಾರಿವಾಳದ ಮರಿ ಅಥವಾ ಬೆಳವಕ್ಕಿ. ಕುರಿಮರಿ ತರಲಾರದ ಬಡವಿಯಾದರೆ ಎರಡು ಹಕ್ಕಿಗಳು ಸಾಕು. ಯೇಸುವನ್ನು ಹೆತ್ತ ಮರಿಯಳೂ ಈ ಬಡವರ ಕಾಣಿಕೆಯ ವಿಧಿಯಂತೆ ಯೆರೂಸಲೇಮಿನ ದೇವಾಲಯಕ್ಕೆ ಹೋದಳೆಂದು ಲೂಕನ ಸುವಾರ್ತೆ ಹೇಳುತ್ತದೆ. ಹದಿನೈದನೆಯ ಅಧ್ಯಾಯದಲ್ಲಿ ಮುಟ್ಟಿನ ಏಳು ದಿನ: ಅವಳು ಕುಳಿತದ್ದು ಅಶುದ್ಧ, ಮಲಗಿದ್ದು ಅಶುದ್ಧ, ಅವಳನ್ನು ಮುಟ್ಟಿದವನು ಸಾಯಂಕಾಲದವರೆಗೆ ಅಶುದ್ಧ. ಇದಾದ ಮೇಲೆ ಬರುವ ಅರಣ್ಯಕಾಂಡದ ಐದನೆಯ ಅಧ್ಯಾಯದಲ್ಲಿ ಕುಷ್ಠವಿದ್ದವರನ್ನೂ, ಮೈಯಲ್ಲಿ ಸ್ರಾವವಿದ್ದವರನ್ನೂ, ಹೆಣ ಮುಟ್ಟಿದವರನ್ನೂ, ಗಂಡಸಾಗಲಿ ಹೆಂಗಸಾಗಲಿ, ಪಾಳೆಯದ ಹೊರಗೆ ಕಳುಹಿಸಬೇಕೆಂಬ ಆಜ್ಞೆ. ಕಾರಣ? ಪಾಳೆಯದ ನಡುವೆ ದೇವರು ವಾಸವಾಗಿದ್ದಾನೆ. ಅವನ ಬೀಡು ಮೈಲಿಗೆಯಾಗಬಾರದು.

ಪಾಳೆಯ ಎಂಬ ಮಾತು ಚಿತ್ರದುರ್ಗದವರಿಗೆ ಹೊಸದಲ್ಲ. ಪಾಳೆಯಗಾರರ ಕೋಟೆಯ ನೆರಳಿನಲ್ಲಿ ಬೆಳೆದವರು ನಾವು. ಆದರೆ ಈ ಬೈಬಲ್ಲಿನ ಪಾಳೆಯ ನಮಗೆ ಇನ್ನೊಂದು ಕಾರಣದಿಂದಲೂ ಪರಿಚಿತ. ಹತ್ತೊಂಬತ್ತನೆಯ ಶತಮಾನದ ಮೊದಲ ಭಾಗದಲ್ಲಿ ಜಾನ್ ಹ್ಯಾಂಡ್ಸ್ ಎಂಬ ಪಾದ್ರಿ ಬಳ್ಳಾರಿಯಲ್ಲಿ ಕುಳಿತು ಬೈಬಲನ್ನು ಕನ್ನಡಕ್ಕೆ ತಂದವರಲ್ಲಿ ಮುಖ್ಯನು. ಆತ ಈ ಅಧ್ಯಾಯಗಳನ್ನು ಹಿಡಿದುಕೊಂಡು ದಕ್ಷಿಣಕ್ಕೆ ಇಳಿದು, ಹಿರಿಯೂರಿನ ಕಡೆಯ ಒಂದು ಗೊಲ್ಲರಹಟ್ಟಿಯಲ್ಲಿ ಓದಿ ಹೇಳಿದ್ದರೆ, ಹಟ್ಟಿಯ ಯಜಮಾನ "ಇದರಲ್ಲಿ ಹೊಸದೇನು ಸ್ವಾಮಿ? ಇದು ನಮ್ಮದೇ ಕಟ್ಟಲ್ಲವೆ?" ಎಂದು ಕೇಳುತ್ತಿದ್ದನೋ ಏನೋ!

ಚಿತ್ರದುರ್ಗ, ಹಿರಿಯೂರು, ಹೊಸದುರ್ಗ, ಹೊಳಲ್ಕೆರೆ, ಈ ನಾಲ್ಕು ತಾಲ್ಲೂಕುಗಳಲ್ಲಿ ತಿರುಗಾಡಿದವರು ಗೊಲ್ಲರಹಟ್ಟಿಗಳನ್ನು ಕಂಡೇ ಇರುತ್ತಾರೆ. ಊರಿನಿಂದ ಸ್ವಲ್ಪ ದೂರಕ್ಕೆ ಮನೆಗಳ ಒಂದು ಗುಂಪು. ಹಿಂದೆ ಸುತ್ತಲೂ ಮುಳ್ಳುಬೇಲಿ. ಒಳಗೆ ದೇವರ ಗುಡಿ. ಪಕ್ಕದಲ್ಲಿ ಕುರಿಯ ರೊಪ್ಪ. ಇಲ್ಲಿರುವವರು ಕಾಡುಗೊಲ್ಲರು, ಕನ್ನಡವನ್ನೇ ಮನೆಮಾತಾಗಿ ಉಳ್ಳವರು. ಜುಂಜಪ್ಪ, ಎತ್ತಪ್ಪ, ಕ್ಯಾತಪ್ಪ ಮುಂತಾದವರು ಅವರ ದೈವಗಳು, ಪಶುಪಾಲಕರ ವೀರರು. ಆ ವೀರರ ಕಥೆಯನ್ನು ರಾತ್ರಿಯಿಡೀ ಹಾಡಬಲ್ಲ ಗಂಡಸರೂ ಹೆಂಗಸರೂ ಈ ಹಟ್ಟಿಗಳಲ್ಲಿದ್ದರು, ಈಗಲೂ ಇದ್ದಾರೆ. ಕನ್ನಡ ಜಾನಪದಕ್ಕೆ ಈ ಜನರಿಂದ ಸಂದಿರುವ ಸಂಪತ್ತು ಸಣ್ಣದಲ್ಲ. ಇವರನ್ನು ಹಳಿಯುವುದು ಈ ಲೇಖನದ ಉದ್ದೇಶವಲ್ಲವೆಂದು ಮೊದಲೇ ಹೇಳಿಬಿಡುತ್ತೇನೆ. ಹಳಿಯಬೇಕಾದದ್ದು ಒಂದು ಕಟ್ಟಳೆ; ಅದನ್ನು ಹೊತ್ತವರನ್ನಲ್ಲ.

ಆ ಕಟ್ಟಳೆಯೇನೆಂದರೆ, ಮುಟ್ಟಾದ ಹೆಂಗಸು ಹಟ್ಟಿಯೊಳಗೆ ಇರಕೂಡದು. ಹೆತ್ತ ಹೆಂಗಸು ಕೂಸಿನ ಸಮೇತ ಹಟ್ಟಿಯ ಹೊರಗೆ ಗುಡಿಸಿಲಿನಲ್ಲಿರಬೇಕು. ಎಡ್ಗರ್ ಥರ್ಸ್ಟನ್ ೧೯೦೯ರಲ್ಲಿ ಪ್ರಕಟಿಸಿದ ದಕ್ಷಿಣ ಭಾರತದ ಜಾತಿ ಬುಡಕಟ್ಟುಗಳ ಗ್ರಂಥದಲ್ಲಿ ಮೈಸೂರು ಸೀಮೆಯ ಕಾಡುಗೊಲ್ಲರ ಈ ಪದ್ಧತಿಯ ಮಾತು ಬಂದಿದೆ: ಬಾಣಂತಿಯನ್ನು ಏಳರಿಂದ ಮೂವತ್ತು ದಿನ ಬೇರೆಯಾಗಿ ಸಣ್ಣ ಗುಡಿಸಿಲಿನಲ್ಲಿಡುತ್ತಾರೆ, ಸ್ವಜನರು ಯಾರೂ ಆರೈಕೆಗೆ ಹೋಗುವುದಿಲ್ಲ, ಬೇಡರ ಹೆಂಗಸನ್ನು ಕರೆಸುತ್ತಾರೆ ಎಂದು. ನೂರು ವರ್ಷಗಳಿಗೂ ಹಿಂದಿನ ಮಾತು ಅದು. ಅಂದಿನಿಂದ ಇಂದಿಗೆ ಎಲ್ಲ ಹಟ್ಟಿಗಳೂ ಒಂದೇ ರೀತಿಯಾಗಿ ಉಳಿದಿಲ್ಲ. ಎಷ್ಟೋ ಕಡೆ ಕಟ್ಟು ಸಡಿಲವಾಗಿದೆ, ದಿನಗಳು ಕಡಿಮೆಯಾಗಿವೆ, ಓದಿದ ಹೆಣ್ಣುಮಕ್ಕಳು ಪ್ರತಿಭಟಿಸಿದ್ದಾರೆ. ಆದರೂ ಪದ್ಧತಿ ಹೋಗಿಲ್ಲ. ಪುಣೆ–ಬೆಂಗಳೂರು ಹೆದ್ದಾರಿಯಲ್ಲಿ ಹಗಲಿರುಳು ಲಾರಿಗಳು ಓಡುತ್ತವೆ, ದುರ್ಗದ ಸುತ್ತಿನ ಗುಡ್ಡಗಳ ಮೇಲೆ ಗಾಳಿಯಂತ್ರಗಳು ತಿರುಗಿ ವಿದ್ಯುತ್ತನ್ನು ಹುಟ್ಟಿಸುತ್ತವೆ. ಅದೇ ನಾಡಿನಲ್ಲಿ ಬಾಣಂತಿಯೊಬ್ಬಳು ಗರಿಯ ಗುಡಿಸಿಲಿನಲ್ಲಿ ಕೂಸನ್ನು ಸೆರಗಿನಲ್ಲಿ ಮುಚ್ಚಿಕೊಂಡು ಕೂತಿರುವುದೂ ಉಂಟು.

ಇದರ ಬೆಲೆ ಏನೆಂಬುದು ೨೦೨೩ರ ಜುಲೈ ತಿಂಗಳಲ್ಲಿ ಎಲ್ಲರಿಗೂ ತಿಳಿಯಿತು. ನಮ್ಮ ನೆರೆಯ ತುಮಕೂರು ಜಿಲ್ಲೆಯ ಮಲ್ಲೇನಹಳ್ಳಿ ಗೊಲ್ಲರಹಟ್ಟಿಯಲ್ಲಿ ಮಳೆಗಾಲದ ಚಳಿಯಲ್ಲಿ ತಾಯಿಯೊಡನೆ ಹೊರಗಿನ ಗುಡಿಸಿಲಿನಲ್ಲಿದ್ದ ಎಳೆಯ ಕೂಸೊಂದು ಆಸ್ಪತ್ರೆಗೆ ಸೇರಿಸಿದರೂ ಉಳಿಯದೆ ಸತ್ತಿತು. ಪತ್ರಿಕೆಗಳಲ್ಲಿ ಸುದ್ದಿ ಬಂತು, ಅಧಿಕಾರಿಗಳು ಓಡಿದರು, ನಾಲ್ಕು ದಿನ ನಾವೆಲ್ಲ ಅಯ್ಯೋ ಎಂದೆವು. ಆಸ್ಪತ್ರೆಯ ಹಾಸಿಗೆಯ ಮೇಲೆ, ದಾದಿಯರ ಕೈಯಲ್ಲಿ, ಬೆಚ್ಚಗೆ ಹುಟ್ಟಿದ ಮಗು ಊರಿಗೆ ಬಂದ ಕೂಡಲೇ ಬಯಲಿಗೆ ಬೀಳುತ್ತದೆ! ಹೆರಿಗೆಯನ್ನು ಇಪ್ಪತ್ತೊಂದನೆಯ ಶತಮಾನಕ್ಕೆ ಒಪ್ಪಿಸಿ, ಬಾಣಂತನವನ್ನು ಮೋಶೆಯ ಕಾಲದಲ್ಲಿಯೇ ಉಳಿಸಿಕೊಂಡ ಜಾಣತನವಿದು.

ಇಲ್ಲಿಗೆ ಬರುವ ಹೊತ್ತಿಗೆ ಪಟ್ಟಣದ ವಾಚಕರು ಕಾಫಿಯ ಲೋಟವನ್ನು ಕೆಳಗಿಟ್ಟು, "ಪಾಪ, ಹಳ್ಳಿಯವರು, ಅಜ್ಞಾನ" ಎಂದು ತಲೆಯಾಡಿಸುತ್ತಿರಬಹುದು. ಮಹಾಶಯರೆ, ಸ್ವಲ್ಪ ತಾಳಿ. "ಅಮ್ಮನನ್ನು ಕಾಗೆ ಮುಟ್ಟಿದೆ, ಹತ್ತಿರ ಹೋಗಬೇಡ" ಎಂಬ ಮಾತನ್ನು ಕೇಳದೆ ಬೆಳೆದವರು ನಮ್ಮ ತಲೆಮಾರಿನ ಮೇಲುಜಾತಿಯ ಮನೆಗಳಲ್ಲಿ ಎಷ್ಟು ಮಂದಿಯಿದ್ದಾರೆ? ಹಿತ್ತಿಲಿನ ಕೋಣೆ, ಒಂದು ಚಾಪೆ, ಒಂದು ಬೇರೆಯ ಚೊಂಬು, ದೂರದಿಂದ ಜಾರಿಸಿದ ತಟ್ಟೆ. ಇವೇನು ಗೊಲ್ಲರಹಟ್ಟಿಯಿಂದ ಬಂದವೆ? ಈಗ ಮನೆ ಚಿಕ್ಕದಾಗಿದೆ, ಹಿತ್ತಿಲು ಹೋಗಿದೆ, ಸೊಸೆ ಆಫೀಸಿಗೆ ಹೋಗುತ್ತಾಳೆ. ಆದ್ದರಿಂದ ಚಾಪೆ ಹೋಯಿತು. ಆದರೆ ದೇವರ ಕೋಣೆಯ ಹೊಸ್ತಿಲು ಇದ್ದಲ್ಲಿಯೇ ಇದೆ. ಗೌರಿಹಬ್ಬಕ್ಕೋ ಮಗನ ಮುಂಜಿಗೋ ಸರಿಯಾಗಿ ಮುಟ್ಟು ಬಂದೀತೆಂಬ ಭಯಕ್ಕೆ ಔಷಧಿ ಅಂಗಡಿಯಿಂದ ಅದನ್ನು ಮುಂದಕ್ಕೆ ತಳ್ಳುವ ಮಾತ್ರೆ ತರಿಸಿ ನುಂಗುವ ವಿದ್ಯಾವಂತೆಯರು ನಮ್ಮ ಬಡಾವಣೆಗಳಲ್ಲಿದ್ದಾರೆ. ಯಾಜಕಕಾಂಡ ಬರೆದವನಿಗೆ ಈ ಉಪಾಯ ತಿಳಿದಿರಲಿಲ್ಲ. ನಮ್ಮ ಮನೆಯ ಮೈಲಿಗೆಗೆ ಗೋಡೆಯಿದೆ, ಚಾವಣಿಯಿದೆ. ಹಟ್ಟಿಯ ಮೈಲಿಗೆಗೆ ಅವಿಲ್ಲ. ನಂಬಿಕೆ ಒಂದೇ, ವ್ಯತ್ಯಾಸ ಬಡತನದ್ದು.

ಈಗ ಸಮರ್ಥಕರ ಮಾತುಗಳನ್ನು ಒಂದೊಂದಾಗಿ ನೋಡೋಣ. ಮೊದಲನೆಯದು ಬಹಳ ಜನಪ್ರಿಯವಾದದ್ದು: "ಹಿಂದಿನವರು ದಡ್ಡರಲ್ಲ, ಇದೆಲ್ಲ ಆರೋಗ್ಯಕ್ಕಾಗಿ, ಹೆಂಗಸಿಗೆ ವಿಶ್ರಾಂತಿ ಸಿಗಲೆಂದು ಮಾಡಿದ್ದು." ಈ ಮಾತನ್ನು ಯೆಹೂದ್ಯರ ವಿಧಿಗಳ ಬಗ್ಗೆಯೂ ಹೇಳುತ್ತಾರೆ, ನಮ್ಮ ಮಡಿ ಮೈಲಿಗೆಗಳ ಬಗ್ಗೆಯೂ ಹೇಳುತ್ತಾರೆ. ಒಳ್ಳೆಯದು, ವಿಧಿಯನ್ನೇ ಸಾಕ್ಷಿಗೆ ಕರೆಯೋಣ. ಆರೋಗ್ಯಕ್ಕಾಗಿಯೇ ಆಗಿದ್ದರೆ ಗಂಡು ಹೆತ್ತವಳಿಗೆ ೪೦, ಹೆಣ್ಣು ಹೆತ್ತವಳಿಗೆ ೮೦ ದಿನ ಏಕೆ? ಹೆಣ್ಣು ಮಗು ತಾಯಿಯ ಮೈಯನ್ನು ಇಮ್ಮಡಿಯಾಗಿ ಕೆಡಿಸುತ್ತದೆಂದು ಯಾವ ವೈದ್ಯನು ಹೇಳಿದ್ದಾನೆ? ವಿಶ್ರಾಂತಿಗಾಗಿಯೇ ಆಗಿದ್ದರೆ ಕೊನೆಯಲ್ಲಿ ದೋಷಪರಿಹಾರದ ಬಲಿ ಏಕೆ? ಮಲಗಿ ಎದ್ದುದಕ್ಕೆ ದೋಷವೆ? ಇಡೀ ಅಧ್ಯಾಯದಲ್ಲಿ ತಾಯಿ ಏನು ತಿನ್ನಬೇಕು, ಹೇಗೆ ಮಲಗಬೇಕು, ಮಗುವನ್ನು ಹೇಗೆ ಕಾಯಬೇಕು ಎಂಬ ಒಂದು ಮಾತೂ ಇಲ್ಲ; ಅವಳು ಏನನ್ನು ಮುಟ್ಟಬಾರದು, ಎಲ್ಲಿಗೆ ಬರಬಾರದು ಎಂಬ ಮಾತಷ್ಟೇ ಇದೆ. ವಿಧಿಗೆ ಚಿಂತೆಯಿರುವುದು ದೇವರ ಗುಡಾರದ್ದು, ಬಾಣಂತಿಯದಲ್ಲ.

ಕೇಳಲು ಆರೋಗ್ಯದ ವಿಧಿಯೆಂದೇ ತೋರುವಂಥದೂ ಒಂದಿದೆ. ಧರ್ಮೋಪದೇಶಕಾಂಡದ ಇಪ್ಪತ್ತಮೂರನೆಯ ಅಧ್ಯಾಯದಲ್ಲಿ, ಯುದ್ಧಕ್ಕೆ ಹೋದಾಗ ಪಾಳೆಯದ ಹೊರಗೆ ಹೋಗಿ ಮಲವಿಸರ್ಜನೆ ಮಾಡಿ, ಸಲಿಕೆಯಿಂದ ಮಣ್ಣು ಮುಚ್ಚಬೇಕೆಂದು ಹೇಳಿದೆ. ಉತ್ತಮವಾದ ನಿಯಮ, ಇಂದಿಗೂ ಬೇಕಾದದ್ದು. ಆದರೆ ಪುಸ್ತಕ ಕೊಡುವ ಕಾರಣವೇನು? ರೋಗ ಹರಡದಿರಲೆಂದಲ್ಲ, ದೇವರು ಪಾಳೆಯದಲ್ಲಿ ಅಡ್ಡಾಡುತ್ತಾನೆ, ಅಸಹ್ಯವಾದದ್ದನ್ನು ಕಂಡು ಹೊರಟುಹೋದಾನು ಎಂದು. ಒಳ್ಳೆಯ ವಿಧಿಗೂ ಕೆಟ್ಟ ವಿಧಿಗೂ ಕೊಡುವ ಕಾರಣ ಒಂದೇ ಆದಾಗ, ಅವುಗಳಲ್ಲಿ ಯಾವುದು ಒಳ್ಳೆಯದು, ಯಾವುದು ಕೆಟ್ಟದು ಎಂಬುದನ್ನು ಆ ಪುಸ್ತಕ ಹೇಳಲಾರದು; ಅದನ್ನು ನಾವು ಹೊರಗಿನಿಂದ, ನಮ್ಮ ಬುದ್ಧಿಯಿಂದ ತೂಗಬೇಕು. ನಂಬಿಕೆಯುಳ್ಳ ಮಿತ್ರರಿಗೆ ನಾನು ಹೇಳುವುದು ಇಷ್ಟೇ.

ಹೀಗೆ ತೂಗಿದಾಗ ಯಾಜಕಕಾಂಡದಲ್ಲಿಯೇ ಚಿನ್ನದಂಥ ವಿಧಿಗಳೂ ದೊರೆಯುತ್ತವೆ. ಹತ್ತೊಂಬತ್ತನೆಯ ಅಧ್ಯಾಯದಲ್ಲಿ, ಕೊಯ್ಲಿನಲ್ಲಿ ಹೊಲದ ಮೂಲೆಯನ್ನು ಪೂರ್ತಿ ಕೊಯ್ಯದೆ ಬಡವರಿಗೂ ಪರದೇಶಿಗಳಿಗೂ ಬಿಡಬೇಕೆಂದಿದೆ. ಕೂಲಿಯವನ ಕೂಲಿಯನ್ನು ಬೆಳಗಿನವರೆಗೆ ಇಟ್ಟುಕೊಳ್ಳಬಾರದು. ಕುರುಡನ ದಾರಿಯಲ್ಲಿ ಎಡವುಗಲ್ಲು ಹಾಕಬಾರದು. ವಿಮೋಚನಕಾಂಡದಲ್ಲಿ, ಬಡವನ ಕಂಬಳಿಯನ್ನು ಒತ್ತೆಯಿಟ್ಟುಕೊಂಡರೆ ಹೊತ್ತು ಮುಳುಗುವುದರೊಳಗೆ ಹಿಂದಕ್ಕೆ ಕೊಡಬೇಕು, ಅವನಿಗೆ ಹೊದೆಯಲು ಬೇರೇನಿದೆ ಎಂಬ ಕರುಣೆಯ ಮಾತಿದೆ. ಆದರೆ ಅದೇ ಪುಸ್ತಕ, ಯಜಮಾನನ ಪೆಟ್ಟು ತಿಂದ ಆಳು ಒಂದೆರಡು ದಿನ ಬದುಕಿ ಸತ್ತರೆ ಯಜಮಾನನಿಗೆ ಶಿಕ್ಷೆಯಿಲ್ಲ, ಆಳು ಅವನ ಹಣವೇ ಅಲ್ಲವೆ ಎಂದೂ ಹೇಳುತ್ತದೆ. ಬಡವನ ಕಂಬಳಿಯ ಮೇಲೆ ಕನಿಕರವಿದ್ದವರಿಗೆ ಆಳಿನ ಪ್ರಾಣದ ಮೇಲೆ ಏಕಿಲ್ಲ? ದೇವರ ಮಾತಾದರೆ ಇದೊಂದು ಒಗಟು. ಮನುಷ್ಯರ ಮಾತಾದರೆ ಒಗಟೇ ಇಲ್ಲ: ನಮ್ಮ ಹಾಗೆಯೇ ಅವರೂ ಅರ್ಧ ಒಳ್ಳೆಯವರು, ಅರ್ಧ ಕುರುಡರು.

ಇನ್ನು ಹಟ್ಟಿಯ ವಿಶ್ರಾಂತಿಯ ವಿಚಾರ. ವಿಶ್ರಾಂತಿ ಕೊಡಬೇಕೆಂದಿದ್ದರೆ ಮನೆಯಲ್ಲಿರುವ ಅತ್ಯುತ್ತಮವಾದ ಜಾಗವನ್ನು ಕೊಡುತ್ತಾರೆ, ಅತ್ಯಂತ ಕೀಳಾದ ಜಾಗವನ್ನಲ್ಲ. ಬೇಸಿಗೆಯಲ್ಲಿ ಕಾದ ಬಾಣಲೆಯಾಗುವ, ಮಾಗಿಯಲ್ಲಿ ಕೊರೆಯುವ ಈ ಬಯಲುಸೀಮೆಯಲ್ಲಿ, ಹಾವು ಚೇಳುಗಳ ನಡುವೆ, ದೀಪವಿಲ್ಲದ ಕಡೆ ಮಲಗುವುದಕ್ಕೆ ವಿಶ್ರಾಂತಿಯೆಂದು ಹೆಸರಿಟ್ಟವನು ಖಂಡಿತ ಗಂಡಸೇ ಇರಬೇಕು. ಈ ಒಂದು ವಿಷಯದಲ್ಲಿ ಪ್ರಾಚೀನ ಇಸ್ರಾಯೇಲ್ಯರು ನಮಗಿಂತ ನ್ಯಾಯವಂತರೆನ್ನಬೇಕು. ಅವರ ವಿಧಿಯಲ್ಲಿ ಗಂಡಸಿನ ಸ್ರಾವಕ್ಕೂ ಮೈಲಿಗೆಯಿದೆ, ಅವನೂ ಸ್ನಾನ ಮಾಡಬೇಕು, ದಿನ ಎಣಿಸಬೇಕು, ಎರಡು ಹಕ್ಕಿ ತರಬೇಕು, ಅವನೂ ಪಾಳೆಯದ ಹೊರಗೆ ಹೋಗಬೇಕು. ಹಟ್ಟಿಯ ಕಟ್ಟಿನಲ್ಲಿ ಗಂಡಸಿನ ಮೈ ತಿಂಗಳಿಗೊಮ್ಮೆ ಹೊರಗೆ ಹೋಗಬೇಕಾದ ಪ್ರಸಂಗವೇ ಇಲ್ಲ. ಅವರ ವಿಧಿ ಬರೆದಿಟ್ಟದ್ದು, ಇಷ್ಟು ದಿನ ಎಂದು ಎಲ್ಲರಿಗೂ ಗೊತ್ತು. ಬಡವಿಗೆ ರಿಯಾಯಿತಿಯೂ ಉಂಟು. ಇಲ್ಲಿಯ ವಿಧಿ ಬಾಯಿಮಾತಿನದು. ಹಟ್ಟಿಯಿಂದ ಹಟ್ಟಿಗೆ ದಿನ ಬೇರೆ, ಹಿರಿಯರು ಹೇಳಿದ್ದೇ ಲೆಕ್ಕ.

ಚಳ್ಳಕೆರೆ ತಾಲ್ಲೂಕಿನ ಪುರ್ಲೆಹಳ್ಳಿಯ ಬಳಿ ನಡೆಯುವ ಕ್ಯಾತೇದೇವರ ಜಾತ್ರೆ ನಮ್ಮ ಜಿಲ್ಲೆಯಲ್ಲಿ ಹೆಸರಾದದ್ದು. ಮುಳ್ಳುಗಳನ್ನು ಒಟ್ಟಿ ಕಟ್ಟಿದ ಗುಡಿಯ ಮೇಲೆ ಬರಿಗಾಲಿನಲ್ಲಿ ಏರಿ ಕಳಸವನ್ನು ಇಳಿಸುವ ವೀರರನ್ನು ನೋಡಲು ಜನ ಸಾವಿರಗಟ್ಟಲೆ ಸೇರುತ್ತಾರೆ. ಅವರ ಭಕ್ತಿಯನ್ನೂ ಧೈರ್ಯವನ್ನೂ ಅಲ್ಲಗಳೆಯುವವನು ನಾನಲ್ಲ. ಆದರೆ ಲೆಕ್ಕ ಹಾಕಿ ನೋಡಿ: ಗಂಡಸು ಜಾತ್ರೆಯ ದಿನ, ತಾನಾಗಿ ಒಪ್ಪಿ, ಕೆಲವು ನಿಮಿಷ ಮುಳ್ಳು ತುಳಿಯುತ್ತಾನೆ, ಅವನಿಗೆ ಕೇಕೆ, ಉರುಮೆ, ಹೂವು, ಗೌರವ. ಹೆಂಗಸು ವರ್ಷಕ್ಕೆ ಹನ್ನೆರಡು ಸಲ, ಯಾರೂ ಒಪ್ಪಿಗೆ ಕೇಳದೆ, ಮುಳ್ಳುಬೇಲಿಯ ಹೊರಗೆ ರಾತ್ರಿ ಕಳೆಯುತ್ತಾಳೆ. ಅವಳಿಗೆ ದೂರದಿಂದ ಇಟ್ಟುಹೋದ ಮುದ್ದೆ. ಯಾರ ತಪಸ್ಸು ದೊಡ್ಡದು?

ಎರಡನೆಯ ಸಮರ್ಥನೆ: "ಇದು ಅವರ ಸಂಸ್ಕೃತಿ, ತಲೆತಲಾಂತರದಿಂದ ಬಂದದ್ದು, ಬಿಟ್ಟರೆ ಕುಲವೇ ಅಳಿದೀತು." ಹಾಗಾದರೆ ಯೆಹೂದ್ಯರ ಚರಿತ್ರೆಯನ್ನು ಕೇಳೋಣ. ಕ್ರಿ.ಶ. ೭೦ರಲ್ಲಿ ರೋಮನರು ಯೆರೂಸಲೇಮಿನ ದೇವಾಲಯವನ್ನು ಸುಟ್ಟು ಕೆಡವಿದರು. ಯಾಜಕಕಾಂಡದ ಅರ್ಧಕ್ಕರ್ಧ ವಿಧಿಗಳು ಅಂದಿಗೆ ಆಚರಿಸಲಾಗದಂತಾದವು. ಕುರಿಮರಿಯೂ ಇಲ್ಲ, ಪಾರಿವಾಳವೂ ಇಲ್ಲ. ಯೆಹೂದ್ಯರು ಅಳಿದರೆ? ಇಲ್ಲ. ಅವರ ಗುರುಗಳು ಬಲಿಯ ಬದಲು ಪ್ರಾರ್ಥನೆಯನ್ನೂ ಅಧ್ಯಯನವನ್ನೂ ಇಟ್ಟು ಹತ್ತೊಂಬತ್ತು ಶತಮಾನಗಳನ್ನು ದಾಟಿಸಿದರು. ಸಂಪ್ರದಾಯಸ್ಥರಲ್ಲಿ ಮುಟ್ಟಿನ ನಿಯಮ ಸ್ನಾನದ ವಿಧಿಯಾಗಿ, ದಂಪತಿಗಳ ನಡುವಿನ ನಿಯಮವಾಗಿ ಇಂದಿಗೂ ಇದೆ. ಆದರೆ ಅದಕ್ಕಾಗಿ ಅವರು ಯಾರನ್ನೂ ಊರ ಹೊರಗೆ ಮಲಗಿಸುವುದಿಲ್ಲ.

ಮಲಗಿಸುತ್ತಿದ್ದ ಒಂದು ಪಂಗಡವಿತ್ತು. ಇಥಿಯೋಪಿಯದ ಗುಡ್ಡಗಾಡಿನಲ್ಲಿ ಬೇಟಾ ಇಸ್ರಾಯೇಲ್ ಎಂಬ ಯೆಹೂದ್ಯರು ಯಾಜಕಕಾಂಡದ ಮಾತನ್ನು ಅಕ್ಷರಶಃ ಪಾಲಿಸಿ, ಮುಟ್ಟಾದವರಿಗೂ ಬಾಣಂತಿಯರಿಗೂ ಊರ ಅಂಚಿನಲ್ಲಿ ಗುಡಿಸಿಲು ಹಾಕಿ, ಸುತ್ತ ಕಲ್ಲಿನ ಸಾಲಿಟ್ಟು, ಅದರಾಚೆಯಿಂದ ಊಟ ಕೊಡುತ್ತಿದ್ದರು. ಗಂಡಾದರೆ ೪೦, ಹೆಣ್ಣಾದರೆ ೮೦ ದಿನ. ಗೊಲ್ಲರಹಟ್ಟಿಯನ್ನು ಎತ್ತಿ ಆಫ್ರಿಕದಲ್ಲಿ ಇಟ್ಟಂತೆ! ೧೯೮೪ರಲ್ಲಿಯೂ ೧೯೯೧ರಲ್ಲಿಯೂ ಅವರನ್ನು ವಿಮಾನಗಳಲ್ಲಿ ಇಸ್ರೇಲಿಗೆ ಕರೆದೊಯ್ದರು. ಅಲ್ಲಿ ಅವರಿಗೆ ದೊರೆತದ್ದು ಅಂತಸ್ತಿನ ಮನೆಗಳು. ಗುಡಿಸಿಲು ಹಾಕಲು ಜಾಗವೆಲ್ಲಿ? ಪದ್ಧತಿ ಬಹುಮಟ್ಟಿಗೆ ತಾನಾಗಿ ಬಿದ್ದುಹೋಯಿತು. ದೇವರು ಮುನಿದು ಬೆಂಕಿ ಸುರಿಸಲಿಲ್ಲ. ಆ ಗುಡಿಸಿಲಿನಲ್ಲಿ ಸಿಗುತ್ತಿದ್ದ ಬಿಡುವನ್ನೂ ಗೆಳತಿಯರ ಸಂಗವನ್ನೂ ನೆನೆದು ಬೇಸರಪಟ್ಟ ಹೆಂಗಸರೂ ಇದ್ದರಂತೆ. ಅದನ್ನೂ ಮರೆಮಾಡದೆ ಹೇಳಬೇಕು. ದುಡಿದು ಸಾಯುವ ಹೆಣ್ಣಿಗೆ ಮೈಲಿಗೆಯೊಂದೇ ರಜೆಯಾದರೆ ಅವಳು ಅದನ್ನೂ ಬಯಸಿಯಾಳು. ಆದರೆ ಅದು ಮೈಲಿಗೆಯ ಹಿರಿಮೆಯಲ್ಲ. ಮಿಕ್ಕ ದಿನಗಳ ಕ್ರೌರ್ಯ. ಅವಳಿಗೆ ಬಿಡುವು ಬೇಕಾದರೆ ಸೌದೆಯನ್ನು ಗಂಡ ತರಲಿ, ಮುದ್ದೆಯನ್ನು ಮಗ ತಿರುವಲಿ; ಅವಳು ಒಳಗ�� ಕಂಬಳಿ ಹೊದ್ದು ಮಲಗಲಿ.

ಮೂರನೆಯ ಮಾತು: "ಯಾರೂ ಬಲವಂತ ಮಾಡುವುದಿಲ್ಲ, ಹೆಂಗಸರೇ ತಾವಾಗಿ ಹೋಗುತ್ತಾರೆ." ಇರಬಹುದು. ಒಳಗೆ ಉಳಿದರೆ ಕುರಿ ಸತ್ತಾವು, ಮನೆಗೆ ಹಾವು ಬಂದೀತು, ಹುಟ್ಟಿದ ಮಗುವಿಗೇ ಕೇಡಾದೀತು ಎಂದು ಹುಟ್ಟಿನಿಂದ ಕೇಳಿ ಬೆಳೆದವಳು ತಾನಾಗಿಯೇ ಹೋಗುತ್ತಾಳೆ. ಭಯವನ್ನು ಬಿತ್ತಿದವನು ಬಲವಂತ ಮಾಡಬೇಕಾಗಿಲ್ಲ. ಒಂದು ಪರೀಕ್ಷೆ ಸಾಕು: ಹೋಗಲೊಲ್ಲೆನೆಂದು ಒಬ್ಬ ಸೊಸೆ ಮನೆಯಲ್ಲಿ ಕುಳಿತರೆ, ಅವಳಿಗೆ ದಂಡವಿಲ್ಲ, ಮನೆತನಕ್ಕೆ ಬಹಿಷ್ಕಾರವಿಲ್ಲ, ಹಟ್ಟಿಯಲ್ಲಿ ಸಾವು ನೋವಾದರೆ ಅವಳ ತಲೆಗೆ ಕಟ್ಟುವುದಿಲ್ಲ ಎಂದು ಗುಡಿಯ ಮುಂದೆ ನಿಂತು ಯಜಮಾನರು ಹೇಳಲಿ. ಆಮೇಲೆಯೂ ಹೋಗುವವರು ಹೋಗಲಿ. ಅದನ್ನು ಸ್ವಂತ ಇಚ್ಛೆಯೆಂದು ನಾನೂ ಒಪ್ಪುತ್ತೇನೆ.

"ಹೊರಗಿನವರಿಗೆ ಇದರಲ್ಲಿ ಏನು ಅಧಿಕಾರ?" ಎಂಬುದು ಕೊನೆಯ ಪ್ರಶ್ನೆ. ಹೊರಗಿನವರು ಹೇಳಬೇಕಾಗಿಯೇ ಇಲ್ಲ. ಈ ನೆಲದಲ್ಲಿಯೇ ಹೇಳಿದವರಿದ್ದಾರೆ. ಹನ್ನೆರಡನೆಯ ಶತಮಾನದ ಶರಣರ ಮತವು ಜನನ, ಮರಣ, ರಜಸ್ಸು, ಎಂಜಲು, ಜಾತಿ ಎಂಬ ಐದು ಸೂತಕಗಳನ್ನೂ ತಳ್ಳಿಹಾಕಿತು. ಆ ಪರಂಪರೆಯ ಮುರುಘಾಮಠ ಚಿತ್ರದುರ್ಗದ ಕೋಟೆಯ ಊರಿನಲ್ಲಿದೆ; ಸಿರಿಗೆರೆಯ ಮಠ ಚಿತ್ರದುರ್ಗ ತಾಲ್ಲೂಕಿನಲ್ಲಿಯೇ ಇದೆ. ಎಂಟು ನೂರು ವರ್ಷಗಳಿಗೂ ಹಿಂದೆ ಸೂತಕವಿಲ್ಲವೆಂದವರ ಮಠಗಳು ಇರುವ ಜಿಲ್ಲೆಯಲ್ಲಿ ಸೂತಕದ ಗುಡಿಸಿಲುಗಳು ಉಳಿದಿವೆ! ಮಠಗಳಲ್ಲಿ ಆ ಮಾತನ್ನು ಓದುತ್ತಾರೆ, ಸಭೆಗಳಲ್ಲಿ ಹೇಳುತ್ತಾರೆ, ಚಪ್ಪಾಳೆಯೂ ಬೀಳುತ್ತದೆ. ಚಪ್ಪಾಳೆ ತಟ್ಟಿದವರ ಮನೆಗಳಲ್ಲಿಯೂ ಅದು ನಡೆಯುವುದು ಕಷ್ಟ. ಹಟ್ಟಿಯವರು ನಮ್ಮನ್ನು ನಂಬದಿದ್ದರೆ ತಪ್ಪು ಅವರದಲ್ಲ.

ಸರಕಾರ ಏನೂ ಮಾಡಲಿಲ್ಲವೆನ್ನುವಂತಿಲ್ಲ. ಜನರು ಮೌಢ್ಯನಿಷೇಧ ಕಾಯ್ದೆಯೆಂದು ಕರೆಯುವ ೨೦೧೭ರ ಶಾಸನ ೨೦೨೦ರ ಜನವರಿಯಲ್ಲಿ ಜಾರಿಗೆ ಬಂತು; ಮುಟ್ಟಾದವರನ್ನೂ ಗರ್ಭಿಣಿಯರನ್ನೂ ಬಲವಂತವಾಗಿ ಬೇರೆಯಿಡುವುದು ಅದರಲ್ಲಿ ಅಪರಾಧ. ಅದೇ ಸರಕಾರ ಹಲವು ಗೊಲ್ಲರಹಟ್ಟಿಗಳ ಪಕ್ಕದಲ್ಲಿ ಮಹಿಳಾ ಭವನ, ಕೃಷ್ಣಕುಟೀರ ಎಂಬ ಕಟ್ಟಡಗಳನ್ನೂ ಕಟ್ಟಿಸಿತು. ಗುಡಿಸಿಲಿಗಿಂತ ಸಿಮೆಂಟಿನ ಕೋಣೆ ಮೇಲೆಂಬುದು ನಿಜ. ಅಲ್ಲಿ ಒಂದು ಮಗು ಚಳಿಯಿಂದ ಉಳಿದರೆ ಅದೂ ಲಾಭವೇ. ಆದರೆ ಅದರ ಅರ್ಥವನ್ನು ಗಮನಿಸಬೇಕು. ಒಂದು ಕೈಯಿಂದ ಅಪರಾಧವೆಂದು ಬರೆದು, ಇನ್ನೊಂದು ಕೈಯಿಂದ ಆ ಅಪರಾಧಕ್ಕೆ ಅಡಿಪಾಯ ಹಾಕಿ ಸುಣ್ಣ ಬಳಿದಂತಾಯಿತು. ಹಿಂದೆ ಗಾಳಿಗೆ ಹಾರಿಹೋಗಬಹುದಾಗಿದ್ದ ಮೈಲಿಗೆಗೆ ಈಗ ಕಲ್ಲಿನ ಗೋಡೆ ಬಂತು. ನೇಪಾಳದಲ್ಲಿ ಇಂಥದೇ ಪದ್ಧತಿಗೆ ಛೌಪಡಿ ಎಂದು ಹೆಸರು. ಅಲ್ಲಿಯ ಸರ್ವೋಚ್ಚ ನ್ಯಾಯಾಲಯ ೨೦೦೫ರಲ್ಲಿಯೇ ಅದನ್ನು ನಿಲ್ಲಿಸಲು ಹೇಳಿತು. ೨೦೧೭ರಲ್ಲಿ ಮೂರು ತಿಂಗಳ ಸೆರೆ ಅಥವಾ ಮೂರು ಸಾವಿರ ರೂಪಾಯಿ ದಂಡವೆಂದು ಕಾನೂನು ಮಾಡಿದರು. ಆಮೇಲೂ ಹೊಗೆಯಿಂದ, ಹಾವಿನಿಂದ, ಚಳಿಯಿಂದ ಆ ಗುಡಿಸಿಲುಗಳಲ್ಲಿ ಹೆಂಗಸರು ಸತ್ತರು. ಕಾಯ್ದೆ ಬೇಕು, ಕಾಯ್ದೆಯೊಂದೇ ಸಾಲದು.

ಹಾಗಾದರೆ ಬೇಕಾದದ್ದೇನು? ಬೆಟ್ಟದಷ್ಟು ಕ್ರಾಂತಿಯೇನೂ ಬೇಡ. ಮೊದಲು ಬಾಣಂತಿಯ ವಿಷಯವನ್ನು ಹಿಡಿಯೋಣ. ಅಲ್ಲಿ ಎರಡು ಪ್ರಾಣಗಳ ಪ್ರಶ್ನೆಯಿದೆ. ಹೆರಿಗೆಯಾಗಿ ಆಸ್ಪತ್ರೆಯಿಂದ ಹೊರಡುವ ದಿನವೇ ಅವಳು ಎಲ್ಲಿ ಮಲಗುತ್ತಾಳೆಂದು ವೈದ್ಯರು ಕೇಳಲಿ, ಆಶಾ ಕಾರ್ಯಕರ್ತೆ ಹೋಗಿ ನೋಡಲಿ. ಹಟ್ಟಿಯಲ್ಲಿ ಓದಿ ಉಪಾಧ್ಯಾಯರೂ ಗುಮಾಸ್ತರೂ ಆಗಿರುವವರು ಪಟ್ಟಣದಲ್ಲಿ ಮನೆ ಮಾಡಿಕೊಂಡು ಸುಮ್ಮನಿರದೆ, ತಮ್ಮ ಹೆಂಡತಿಯ ಬಾಣಂತನವನ್ನು ಹಟ್ಟಿಯ ಮನೆಯಲ್ಲಿಯೇ, ಚಾವಣಿಯ ಕೆಳಗೆ, ಎಲ್ಲರೂ ನೋಡುವಂತೆ ಮಾಡಿಸಲಿ. ನೂರು ಭಾಷಣಗಳಿಗಿಂತ ಒಂದು ತೊಟ್ಟಿಲು ಹೆಚ್ಚು ಹೇಳುತ್ತದೆ. ಪೂಜಾರಿಗಳಲ್ಲಿ ಒಬ್ಬರಾದರೂ ಮುಂದೆ ಬಂದು, ಜುಂಜಪ್ಪನನ್ನೂ ಚಿನ್ನಮ್ಮನೆಂಬ ತಾಯಿಯೇ ಸಾಕಿ ಸಲಹಿದ್ದಳೆಂದು ತಮ್ಮ ಹಾಡನ್ನೇ ನೆನೆಸಿಕೊಡಲಿ. ನಾವು ಪಟ್ಟಣದವರು ನಮ್ಮ ದೇವರ ಕೋಣೆಯ ಬಾಗಿಲನ್ನು ಮೊದಲು ತೆರೆದಿಟ್ಟರೆ, ಆ ಮಾತನ್ನು ಹೇಳಲು ನಮ್ಮ ನಾಲಗೆಗೂ ಸ್ವಲ್ಪ ಬಲ ಬಂದೀತು.

ಅರಣ್ಯಕಾಂಡದ ಕರ್ತನಿಗೂ ಹಟ್ಟಿಯ ಯಜಮಾನನಿಗೂ ನಮ್ಮ ಮನೆಯ ಅಜ್ಜಿಗೂ ಇರುವ ಭಯ ಒಂದೇ: ಅವಳು ಒಳಗಿದ್ದರೆ ದೇವರು ಹೊರಟುಹೋದಾನು. ಮೂರು ಸಾವಿರ ವರ್ಷ ಅವಳನ್ನೇ ಹೊರಗಿಟ್ಟು ನೋಡಿದ್ದಾಯಿತು. ಒಮ್ಮೆ ಕೂಸಿನೊಡನೆ ಅವಳನ್ನು ಒಳಗೆ ಕರೆಯಿರಿ. ದೇವರು ನಿಜವಾಗಿಯೂ ಎದ್ದು ಹೊರಗೆ ಹೋಗುತ್ತಾನೆಯೇ, ನೋಡೋಣ.